ಮೆಣಸಿನಕಾಯಿ ಬಜ್ಜಿಗೆ ವೈಟ್ ವೈನ್: ಮೂರನೇ ಸಲಕ್ಕೆ ಕೈಗೆ ಹತ್ತಿತು

ದಾವಣಗೆರೆಯ ನನ್ನ ಸಣ್ಣ ಬಾರಿನಲ್ಲಿ ಬಜ್ಜಿ, ನರ್ಗಿಸ್ ಮಂಡಕ್ಕಿ ಜೊತೆ ವೈಟ್ ವೈನ್ ಕೊಡುತ್ತೇನೆ ಅಂದಾಗ ಅಡುಗೆಯವರೂ ನಕ್ಕರು. "ಅಣ್ಣಾ, ಬಿಯರ್ ಬಿಟ್ಟು ಈ ಹುಳಿ ನೀರು ಯಾರು ಕುಡಿತಾರ್ರೀ?" ಅಂದ ಸಪ್ಲೈಯರ್ ಹುಡುಗ. ಈಗ ಶನಿವಾರ ರಾತ್ರಿ "ಶೆನಿನ್ ವೈನ್ ಖಾಲಿ ಅಣ್ಣಾ" ಅಂತ ಕೌಂಟರಿಗೆ ಓಡಿ ಬರುವವನೂ ಅವನೇ.

ಮೊದಲು ತಂದದ್ದು ಶಾರ್ಡನೆ ಅನ್ನುವ ವೈಟ್ ವೈನ್. ಓಕ್ ಮರದ ಪೀಪಾಯಿಯಲ್ಲಿ ಇಟ್ಟಿದ್ದು, ಬಾಟಲಿಗೆ ಹೆಚ್ಚುಕಮ್ಮಿ 1,400 ರೂಪಾಯಿ. ದುಡ್ಡು ಜಾಸ್ತಿ ಆದರೆ ರುಚಿಯೂ ಜಾಸ್ತಿ ಅಂದುಕೊಂಡಿದ್ದೆ. ಬಜ್ಜಿ ಕಚ್ಚಿ ಒಂದು ಗುಟುಕು ಕುಡಿದೆ, ಉರಿ ಕಿವಿಗೇ ಏರಿತು. ಆಲ್ಕೋಹಾಲ್ ಏರಿದಷ್ಟೂ ಖಾರ ಕೆರಳುತ್ತದೆ, ಮೇಲೆ ಓಕ್‌ನ ಒಗರು ಬೇರೆ.

ಆಮೇಲೆ ಸೋವಿನ್ಯೋ ಬ್ಲಾಂ. ಅದರ ವಾಸನೆ ಹಸಿ ಡೊಣ್ಣಮೆಣಸಿನಕಾಯಿ ಮುರಿದ ಹಾಗೆ, ನಮ್ಮ ಬಜ್ಜಿಗೆ ಸ್ವಂತ ತಮ್ಮನೇ ಅಲ್ವಾ! ಮೂಗು ಒಪ್ಪಿತು, ನಾಲಿಗೆ ಒಪ್ಪಲಿಲ್ಲ. ಸಿಹಿ ಚೂರೂ ಇಲ್ಲ, ಬರೀ ಹುಳಿ. ಅಷ್ಟರಲ್ಲಿ ಏಪ್ರಿಲ್ ಬಂತು. 12 ಬಾಟಲಿಯ ಕೇಸನ್ನು ಒಲೆಯ ಹಿಂದಿನ ಸ್ಟೋರಿನಲ್ಲಿ ಮರೆತಿದ್ದೆ. ತೆಗೆದಾಗ ಬಣ್ಣ ಟೀಯಂತೆ, ವಾಸನೆ ಕೊಳೆತ ಸೇಬು. ಹತ್ತು ಸಾವಿರದ ಹತ್ತಿರ ಮೋರಿಗೆ ಹೋಯಿತು. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಮೂರನೆಯದು ನಾಸಿಕ್ ಕಡೆಯ ಶೆನಿನ್ ಬ್ಲಾಂ. ಈ ದ್ರಾಕ್ಷಿಯ ಮೂಲ ಫ್ರಾನ್ಸಿನ ಲುವಾರ್ ಸೀಮೆ. ದಕ್ಷಿಣ ಆಫ್ರಿಕಾದಲ್ಲಿ ಇದೇ ದ್ರಾಕ್ಷಿಗೆ ಸ್ಟೀನ್ ಅನ್ನುತ್ತಾರೆ. ಡ್ರೈ, ಅಂದರೆ ಸಿಹಿ ಇಲ್ಲದ್ದು ಬೇಡ, ಸ್ವಲ್ಪ ಸಿಹಿ ಉಳಿಸಿದ್ದೇ ಬೇಕು. ಸೀಬೆಹಣ್ಣಿನ ಘಮ, ಆಲ್ಕೋಹಾಲ್ ಶೇಕಡಾ 12ರ ಆಸುಪಾಸು. ಸಿಹಿ ಖಾರವನ್ನು ತಣ್ಣಗೆ ಮಾಡುತ್ತದೆ, ಹುಳಿ ಎಣ್ಣೆ ಜಿಡ್ಡು ತೊಳೆಯುತ್ತದೆ. ಮೆಣಸಿನಕಾಯಿಯ ಬೀಜ ತೆಗೆದರೆ ವೈನಿನ ಕೆಲಸ ಸಲೀಸು, ಆದರೆ ನಮ್ಮೂರ ಗಿರಾಕಿ ಅದನ್ನು ಬಜ್ಜಿ ಅನ್ನುವುದೇ ಇಲ್ಲ. ಮೆಣಸಿನಕಾಯಿ ಸೀಳಿ ಹುಣಸೆಹಣ್ಣಿನ ಜೊತೆ ಇನ್ನೊಂದು ಸವರುತ್ತೇನೆ. ಅದೇನು ಅಂತ ಕೇಳಬೇಡಿ.

ವೈನು 8 ಡಿಗ್ರಿಗೆ ತಣ್ಣಗಿದ್ದರೆ ಸರಿ. ನಮ್ಮ ಸೆಕೆಗೆ ಗ್ಲಾಸು ಹತ್ತು ನಿಮಿಷಕ್ಕೇ ಬೆಚ್ಚಗಾಗುತ್ತದೆ. ಅದಕ್ಕೇ 150 ಎಂಎಲ್ ಬಿಟ್ಟು 100 ಸುರಿಯುತ್ತೇನೆ. 750ರ ಬಾಟಲಿಗೆ 7 ಗ್ಲಾಸು, ಗ್ಲಾಸಿಗೆ 180 ರೂಪಾಯಿ. ಬಾಟಲಿ ನನಗೆ 850ರ ಹತ್ತಿರ ಬೀಳುತ್ತದೆ. ತೆರೆದದ್ದು ಮೂರನೇ ದಿನಕ್ಕೆ ಸಪ್ಪೆ, ಹಾಗಾಗಿ ಒಂದು ಮುಗಿಯದೆ ಇನ್ನೊಂದರ ಮುಚ್ಚಳ ತಿರುಗಿಸುವುದಿಲ್ಲ.

ಸುಮ್ನೆ ಒಂದು ದಿನ ಬೆಣ್ಣೆ ದೋಸೆ ಪಾರ್ಸೆಲ್ ತರಿಸಿ, ಫ್ರಿಜ್ಜಿನಲ್ಲಿ ಉಳಿದಿದ್ದ ಸೋವಿನ್ಯೋ ಜೊತೆ ತಿಂದೆ. ದೋಸೆ ಮೆತ್ತಗಾಗಿತ್ತು, ಆದರೂ ಬೆಣ್ಣೆಗೆ ಆ ಹುಳಿ ಭಲೇ ಕೂಡಿತು! ಸೂಳೆಕೆರೆ ಮೀನಿನ ಫ್ರೈಗೂ ಅದೇ, ನಿಂಬೆಹಣ್ಣು ಹಿಂಡುವುದೇ ಬೇಡ. ಹೋಳಿಗೆ ಜೊತೆ ಮಾತ್ರ ವೈನು ಬರೀ ವಿನೆಗರ್ ಅನ್ನಿಸಿತು.

ಶಾರ್ಡನೆ ಇನ್ನೂ 2 ಬಾಟಲಿ ಉಳಿದಿದೆ. ಖಾರ ಇಲ್ಲದ ಮಲಾಯ್ ಕಬಾಬಿಗೆ ಕೊಟ್ಟು ನೋಡಬೇಕು.