ದಾರ ಹಿಡಿದು ಶುಗರ್ ಹುಡುಕಿದ್ದು: ನನ್ನ ಅನುಭವ

ಲ್ಯಾಬ್ ಇಟ್ಟವರಿಗೆ ಹಳ್ಳಿಯ ಶುಗರ್ ಕ್ಯಾಂಪಿನ ಲೆಕ್ಕ ಗೊತ್ತೇ ಇದೆ. ಬಂದವರಿಗೆಲ್ಲ ಪುಕ್ಕಟೆ ಬೆರಳು ಚುಚ್ಚಿದರೆ, ರಕ್ತದ ಹನಿ ಹಾಕಿ ಶುಗರ್ ನೋಡುವ ಸ್ಟ್ರಿಪ್ಪಿನ ದುಡ್ಡೂ ಹುಟ್ಟಲ್ಲ. ತೀರ್ಥಹಳ್ಳಿ ಸುತ್ತಮುತ್ತ ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಸ್ಟ್ರಿಪ್ ಒಂದಕ್ಕೆ 15–20 ರೂಪಾಯಿ. ಬೆಳಿಗ್ಗೆ ನೂರರ ಹತ್ತಿರ ಜನ. ಜೀಪಿನ ಬಾಡಿಗೆ, ಹುಡುಗರ ತಿಂಡಿ ಬೇರೆ. ಇಷ್ಟೆಲ್ಲ ಮಾಡಿ ಹೊಸದಾಗಿ ಸಿಕ್ಕಿಬೀಳುವವರು ನಾಲ್ಕೈದು ಜನ. ಉಳಿದವರಲ್ಲಿ ಅರ್ಧ ಜನ ಆಗಲೇ ಮಾತ್ರೆ ನುಂಗುವವರು, ಸುಮ್ನೆ ನೋಡಿಸಿಕೊಂಡು ಹೋಗೋಣ ಅಂತ ಬಂದವರು.

ಯಾರಿಗೆ ಚುಚ್ಚಬೇಕು ಅಂತ ಮೊದಲೇ ಸೋಸೋಣ ಅಂತ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಹಾಕಿದೆವು. ಅದು ನಮ್ಮಲ್ಲಿ ಕೈಕೊಟ್ಟಿತು. ಅಡಿಕೆ ಕೊನೆ ತೆಗೆಯುವ ಒಬ್ಬರು 163 ಸೆಂ.ಮೀ., 70 ಕೆ.ಜಿ. ಬಿಎಂಐ 26. ಭಾರತೀಯರಿಗೆ 25 ದಾಟಿದರೆ ಬೊಜ್ಜು ಅಲ್ವಾ? ಅವರ ಹೊಟ್ಟೆಯೋ ಹಲಗೆ ಇದ್ದ ಹಾಗೆ. ಶುಗರ್ ನಾರ್ಮಲ್. ಅವರ ಹಿಂದೆ ನಿಂತಿದ್ದ ಅಂಗಡಿಯವರು 162 ಸೆಂ.ಮೀ., 58 ಕೆ.ಜಿ., ಬಿಎಂಐ 22. ಲೆಕ್ಕದಲ್ಲಿ ಪಾಸ್. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಅಂಗಿ ಗುಂಡಿ ಎಳೆಯುತ್ತಿತ್ತು. ಖಾಲಿ ಹೊಟ್ಟೆಯಲ್ಲೇ ಶುಗರ್ 150 ದಾಟಿತ್ತು. ಸೊಂಟ 88 ಸೆಂ.ಮೀ. ಗಂಡಸರಿಗೆ 90, ಹೆಂಗಸರಿಗೆ 80 ಅನ್ನುವ ಗೆರೆಯಲ್ಲೂ ಅವರು ಪಾರು. ಎತ್ತರದ ಅರ್ಧ ಹಿಡಿದರೆ ಮಾತ್ರ 81ಕ್ಕೆ ಸಿಕ್ಕಿಬಿದ್ದರು.

ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಅಂತ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆಯೂ 2022ರಲ್ಲಿ ಹೇಳಿದೆ. ಕುಳ್ಳ ಜನ ಜಾಸ್ತಿ ಇರುವ ಕಡೆ ಇದೇ ಸರಿ ಅಂತ ನನ್ನ ಲೆಕ್ಕಾಚಾರ.

ಟೇಪಿನದು ದೊಡ್ಡ ಗೋಳು. ಬಜಾರಿನಲ್ಲಿ ಸಿಗುವ 20 ರೂಪಾಯಿ ಟೈಲರ್ ಟೇಪು ಒಂದು ಸೀಸನ್ನಿಗೇ ಎಳೆದುಕೊಂಡಿತು. ಸ್ಟೀಲ್ ಸ್ಕೇಲಿಗೆ ಹಿಡಿದರೆ ಮೀಟರಿಗೆ ಒಂದು ಸೆಂಟಿಮೀಟರ್ ಮೇಲೇ ತಪ್ಪು. ಫೈಬರ್ ಗ್ಲಾಸ್ ಟೇಪು ಒಳ್ಳೇದು, ಆದರೆ ಎರಡು ಕ್ಯಾಂಪಿಗೆ ಒಂದು ಕಳೆದುಹೋಗುತ್ತಿತ್ತು. ಆಗ ದಾರಕ್ಕೆ ಬಂದೆ. ಅಡಿಯಿಂದ ಮುಡಿವರೆಗೆ ದಾರ ಅಳೆದು ಕತ್ತರಿಸು, ಸರಿಯಾಗಿ ಅರ್ಧಕ್ಕೆ ಮಡಚು, ಸೊಂಟಕ್ಕೆ ಸುತ್ತು. ತುದಿ ಸೇರದಿದ್ದರೆ ಬೆರಳು ಚುಚ್ಚು. ಬಾಳೆ ನಾರು ಒಣಗಿ ತುಂಡಾಯಿತು. ಸೆಣಬಿನ ಹುರಿ ಆಷಾಢದ ಥಂಡಿಗೆ ಗಿಡ್ಡ ಆಯಿತು. ನೈಲಾನ್ ಎಳೆದಷ್ಟೂ ಬಂತು. ಕೊನೆಗೆ ನಿಂತ ದಾರ ಯಾವುದು ಅಂತ ಮಾತ್ರ ಇಲ್ಲಿ ಹೇಳಲ್ಲ, ಹುಡುಕಿಕೊಳ್ಳಿ.

ಅಳೆಯುವ ಜಾಗ ಗೊತ್ತೇ ಇದೆ, ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ. ಉಡುದಾರದ ಮೇಲೆ ಅಳೆಯಬೇಡಿ, ಅದು ಹೊಟ್ಟೆ ಕೆಳಗೆ ಜಾರಿರುತ್ತೆ. ಪ್ಯಾಂಟೂ ಅಷ್ಟೇ. "ನಂದು ಇಪ್ಪತ್ತು ವರ್ಷದಿಂದ 34ರ ಸೈಜೇ ಮಾರಾಯ್ರೇ" ಅನ್ನುವವರ ಸೊಂಟ ನೂರು ಸೆಂಟಿಮೀಟರಿನ ಹತ್ತಿರ ಇರುತ್ತೆ. ದಾರ ಕಂಡ ಕೂಡಲೇ ಗಂಡಸರು ಹೊಟ್ಟೆ ಒಳಗೆ ಎಳೆಯುತ್ತಾರೆ. "ಉಸಿರು ಬಿಡಿ" ಅಂದರೆ ಇನ್ನೂ ಜಾಸ್ತಿ. ನಾನು "ತೋಟ ಎಷ್ಟು ಎಕರೆ?" ಅಂತ ಕೇಳುತ್ತೇನೆ. ಮಾತು ಮುಗಿಯುವಾಗ ಉಸಿರು ತಾನೇ ಹೊರಗೆ ಬಂದಿರುತ್ತೆ, ಅಲ್ಲೇ ಓದಿಬಿಡಿ. ಹೆಂಗಸರ ಅಳತೆಗೆ ನಮ್ಮ ನರ್ಸಮ್ಮನ ಉಪಾಯ ಬೇರೆ ಇದೆ. ಅದು ಅವರ ಸ್ವತ್ತು.

ಪರಿಚಯದ ಡಾಕ್ಟರೊಬ್ಬರು "ದಾರದಲ್ಲಿ ಶುಗರ್ ಹಿಡೀತೀರಾ?" ಅಂತ ನಕ್ಕಿದ್ದರು. ಸೊಂಟ-ಪೃಷ್ಠದ ಅನುಪಾತ ತಗೊಳ್ಳಿ ಅಂದರು. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಹೃದಯಾಘಾತಕ್ಕೆ ಬಿಎಂಐಗಿಂತ ಅದೇ ಹೆಚ್ಚು ಹೊಂದಿಕೊಂಡಿತ್ತು, ನಿಜ. ಮಾಡಿಯೂ ನೋಡಿದೆ. ಸೀರೆ ನೆರಿಗೆ ಮೇಲೆ ಇಬ್ಬರು ಅಳೆದರೆ ಎರಡು ಉತ್ತರ. ಬಿಟ್ಟೆ.

ಒಂದು ಮದುವೆ ಮನೆಯಲ್ಲಿ ಸ್ನೇಹಿತರನ್ನು ಊಟಕ್ಕೆ ಮುಂಚೆ, ಆಮೇಲೆ ಅಳೆದೆ. ಹೋಳಿಗೆ, ಪಾಯಸ ಹೊಡೆದವರಿಗೆ ಎರಡು ಮೂರು ಸೆಂಟಿಮೀಟರ್ ಏರಿತ್ತು. ಅಲ್ಲಿಂದ ಕ್ಯಾಂಪ್ ಬೆಳಿಗ್ಗೆ ಖಾಲಿ ಹೊಟ್ಟೆಗೇ.

ಈಗ ನೂರು ಜನ ಬಂದರೆ ಸ್ಟ್ರಿಪ್ ಖರ್ಚಾಗುವುದು ಹೆಚ್ಚುಕಮ್ಮಿ ನಲವತ್ತು. ಹೊಸದಾಗಿ ಸಿಗುವವರು ಕಮ್ಮಿಯಾಗಿಲ್ಲ. ಖಾಲಿ ಹೊಟ್ಟೆಯ ಶುಗರ್ 126 ದಾಟಿದವರು ಲ್ಯಾಬಿಗೆ ಬಂದು ರಕ್ತ ಕೊಟ್ಟು ಖಾತ್ರಿ ಮಾಡಿಕೊಳ್ಳುತ್ತಾರೆ, ಕ್ಯಾಂಪಿನ ಖರ್ಚು ಅಲ್ಲಿಗೆ ಸರಿಹೋಗುತ್ತೆ. ನಕ್ಕ ಡಾಕ್ಟರೂ ಒಂದು ಉಂಡೆ ದಾರ ತರಿಸಿಕೊಂಡಿದ್ದಾರೆ. ದುಡ್ಡು ಬಂದಿಲ್ಲ, ಇರಲಿ.

ಮನೆಯಲ್ಲಿ ಅಪ್ಪ ಅಮ್ಮಂಗೆ ಶುಗರ್ ಇದ್ದವರನ್ನು ದಾರ ಸೇರಿದರೂ ಬಿಡಬೇಡಿ. ಬಸುರಿಯರು, ಹೊಟ್ಟೆಯಲ್ಲಿ ನೀರು ತುಂಬಿದವರು, ಹರ್ನಿಯಾ ಇರುವವರು ಈ ಲೆಕ್ಕಕ್ಕೆ ಬರಲ್ಲ. ಬೆನ್ನು ಬಾಗಿದ ಅಜ್ಜಿಯರಿಗೆ ಎತ್ತರವೇ ಇಳಿದಿರುತ್ತೆ, ದಾರ ಸೇರುವುದೇ ಇಲ್ಲ. ಅವರಿಗೆ ನೇರ ಸ್ಟ್ರಿಪ್.