‘ಆಫೀಸ್’ ಕಂಡಲ್ಲೆಲ್ಲ ‘ಕಚೇರಿ’ ಎಂದು ಬರೆಯುವ ಮುನ್ನ

ಶಿರಸಿಯ ಪ್ರಾಂತ ಆಫೀಸಿನಿಂದ ಕೂಗಳತೆಯಲ್ಲಿ ನನ್ನ ಡಿಟಿಪಿ ಅಂಗಡಿ. ‘ಸಹಾಯಕ ಆಯುಕ್ತರ ಕಚೇರಿ’ ಎಂದು ಬೋರ್ಡಿನಲ್ಲಿ ಎಷ್ಟು ದಪ್ಪ ಅಕ್ಷರದಲ್ಲಿ ಬರೆದರೂ ಹಳಬರ ಬಾಯಲ್ಲಿ ಅದು ಪ್ರಾಂತ ಆಫೀಸೇ, ತಹಶೀಲ್ದಾರರದ್ದು ಮಾಮಲೇದಾರ ಕಚೇರಿಯೇ. 1862ರಿಂದ 1956ರವರೆಗೆ ನಮ್ಮ ಜಿಲ್ಲೆ ಮುಂಬೈ ಸರಕಾರದ ಕೈಯಲ್ಲಿತ್ತು. ಆ ಸರಕಾರ ಹೋದರೂ ಅದರ ಮಾತು ನಮ್ಮಲ್ಲೇ ಉಳಿದುಕೊಂಡಿತು. ಅರ್ಜಿ, ನೋಟೀಸು, ಕರೆಯೋಲೆ ಇವೆಲ್ಲ ಇಂಗ್ಲಿಷಿನಲ್ಲಿ ನನ್ನ ಮೇಜಿಗೆ ಬಂದು ಕನ್ನಡವಾಗಿ ಹೊರಗೆ ಹೋಗುತ್ತವೆ. ಹದಿನೇಳು ವರ್ಷದಲ್ಲಿ ನನ್ನನ್ನು ಅತಿ ಹೆಚ್ಚು ಗೋಳಾಡಿಸಿದ ಶಬ್ದ ಕಾನೂನಿನದೂ ಅಲ್ಲ, ವೈದ್ಯಕೀಯದ್ದೂ ಅಲ್ಲ. ಅದು ‘ಆಫೀಸ್’.

ಅಂಗಡಿ ಹಾಕಿದ ಹೊಸತರಲ್ಲಿ ಒಂದು ಸಹಕಾರಿ ಸಂಘದವರು ಕರೆಯೋಲೆ ಮಾಡಿಸಲು ಬಂದಿದ್ದರು. ಹೊಸ ಆಡಳಿತ ಮಂಡಳಿ ‘ವಿಲ್ ಅಸ್ಯೂಮ್ ಆಫೀಸ್’ ಎಂದಿತ್ತು. ನಾನು ‘ಕಚೇರಿಯನ್ನು ವಹಿಸಿಕೊಳ್ಳಲಿದ್ದಾರೆ’ ಎಂದು ಹೊಡೆದೆ. ಇನ್ನೂರೈವತ್ತು ಕಾರ್ಡು ಅಚ್ಚಾಗಿ, ಅರ್ಧ ಊರಿಗೆ ಹಂಚಿಯೂ ಆದ ಮೇಲೆ ಮಂಡಳಿಯ ಹಿರಿಯರೊಬ್ಬರು ಕಾರ್ಡು ಹಿಡಿದುಕೊಂಡು ಬಂದರು. ಬಾಗಿಲಲ್ಲೇ ನಿಂತು, “ಕಚೇರಿ ವಹಿಸ್ಕಂಡ ಮೇಲೆ ಕಸ ಗುಡ್ಸದೂ ಎಂಗಳ ಪಾಲಿಗೇಯನೇ ತಂಗಿ?” ಎಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆ, ನಕ್ಕರು, ಅದಕ್ಕೇ ಇನ್ನೂ ನೆನಪಿದೆ. ಅಲ್ಲಿ ಬರೆಯಬೇಕಾಗಿದ್ದದ್ದು ‘ಅಧಿಕಾರ ವಹಿಸಿಕೊಳ್ಳಲಿದ್ದಾರೆ’ ಎಂದು.

ಅಂದಿನಿಂದ ನಾನು ಮಾಡುವುದು ಒಂದೇ ಪರೀಕ್ಷೆ. ಈ ‘ಆಫೀಸಿ’ಗೆ ಬೀಗ ಹಾಕಲು ಬರುತ್ತದೆಯೇ? ಬರುತ್ತದೆ ಎಂದಾದರೆ ಕಣ್ಣುಮುಚ್ಚಿ ಕಚೇರಿ ಎನ್ನಿ. ಅಂಚೆ ಕಚೇರಿ, ಪ್ರಧಾನ ಕಚೇರಿ, ಉಪನೋಂದಣಾಧಿಕಾರಿ ಕಚೇರಿ, ಯಾವುದಕ್ಕೂ ತಕರಾರಿಲ್ಲ. (‘ಕಾರ್ಯಾಲಯ’ವೂ ನಡೆಯುತ್ತದೆ, ಆದರೆ ಅದಕ್ಕೆ ಪಕ್ಷದ ಬಾವುಟದ ವಾಸನೆ ಅಂಟಿಕೊಂಡಿದೆ.) ಬೀಗ ಹಾಕಲು ಬರುವುದಿಲ್ಲ, ಆದರೆ ರಾಜೀನಾಮೆ ಕೊಡಲು ಬರುತ್ತದೆ ಎಂದಾದರೆ ಅದು ಹುದ್ದೆ, ಸ್ಥಾನ, ಪದ ಅಥವಾ ಅಧಿಕಾರ. ಎರಡೂ ಬರುವುದಿಲ್ಲವಾದರೆ ಸ್ವಲ್ಪ ಕುಳಿತು ಯೋಚಿಸಬೇಕು. ಅಲ್ಲಿಗೆ ಆಮೇಲೆ ಬರುತ್ತೇನೆ.

ಕಷ್ಟವಿರುವುದು ಎರಡನೆಯದರಲ್ಲಿ. ‘ಹಿ ಸರ್ವ್ಡ್ ಇನ್ ದಿ ಆಫೀಸ್ ಆಫ್ ದಿ ಡೆಪ್ಯುಟಿ ಕಮಿಷನರ್, ಕಾರವಾರ’ ಎಂಬ ವಾಕ್ಯ ಬಂತೆನ್ನಿ. ಈ ಮನುಷ್ಯ ಜಿಲ್ಲಾಧಿಕಾರಿಯೋ, ಜಿಲ್ಲಾಧಿಕಾರಿಗಳ ಕಚೇರಿಯ ಗುಮಾಸ್ತರೋ? ‘ಆಫೀಸ್ ಆಫ್ ದಿ’ ಎಂದಿದ್ದರೆ ಸಾಮಾನ್ಯವಾಗಿ ಜಾಗ, ‘ಆಫೀಸ್ ಆಫ್’ ಆದಮೇಲೆ ‘ದಿ’ ಬಿಟ್ಟಿದ್ದರೆ ಹುದ್ದೆ. ಹಾಗೆಯೇ ‘ಇನ್ ದಿ ಆಫೀಸ್’ ಎಂದರೆ ಕಚೇರಿಯಲ್ಲಿ ಕುಳಿತಿದ್ದಾರೆ, ‘ಇನ್ ಆಫೀಸ್’ ಎಂದರೆ ಅಧಿಕಾರದಲ್ಲಿದ್ದಾರೆ. ಪುಸ್ತಕದ ನಿಯಮವೇನೋ ಇದು, ಆದರೆ ನಮ್ಮ ಕಡೆ ಇಂಗ್ಲಿಷ್ ಬರೆಯುವವರು ‘ದಿ’ಯನ್ನು ಅಡಿಗೆಯ ಕೊತ್ತಂಬರಿ ಸೊಪ್ಪಿನಂತೆ ಮನಸ್ಸು ಬಂದಲ್ಲಿ ಉದುರಿಸುತ್ತಾರೆ. ಹಾಗಾಗಿ ‘ದಿ’ಯೊಂದನ್ನೇ ನಂಬಿ ಕೂರಬೇಡಿ, ಜೊತೆಗಿರುವ ಕ್ರಿಯಾಪದವನ್ನು ನೋಡಿ. ಹೋಲ್ಡ್, ಅಸ್ಯೂಮ್ ಇದ್ದರೆ ಹುದ್ದೆಯ ಮಾತು. ಓಪನ್, ಶಿಫ್ಟ್, ವಿಸಿಟ್ ಇದ್ದರೆ ಕಟ್ಟಡದ ಮಾತು.

‘ವೇಕೇಟ್’ ಮಾತ್ರ ಎರಡೂ ಕಡೆ ಆಡುತ್ತದೆ. ಬಾಡಿಗೆ ಮಾಲೀಕರ ನೋಟೀಸಿನಲ್ಲಿ ಬಂದರೆ ‘ಕಚೇರಿ ಖಾಲಿ ಮಾಡಿ’. ಸಂಘದ ಬೈಲಾದಲ್ಲಿ ‘ಷಲ್ ವೇಕೇಟ್ ಆಫೀಸ್’ ಎಂದಿದ್ದರೆ ‘ಸ್ಥಾನ ತೆರವು ಮಾಡತಕ್ಕದ್ದು’. ಒಮ್ಮೆ ಬೈಲಾದ ಕರಡಿನಲ್ಲಿ, ಸತತ ಮೂರು ಸಭೆಗೆ ಬಾರದ ನಿರ್ದೇಶಕರು ‘ಕಚೇರಿಯನ್ನು ಖಾಲಿ ಮಾಡಬೇಕು’ ಎಂದು ಯಾರೋ ಫೋನಿನ ಅನುವಾದ ತೆಗೆದು ತಂದಿದ್ದರು. ಸಭೆಗೇ ಬಾರದವರು ಕಚೇರಿಯಿಂದ ಏನನ್ನು ಖಾಲಿ ಮಾಡಿಯಾರು!

ಹುದ್ದೆಯೋ ಸ್ಥಾನವೋ ಎಂಬುದಕ್ಕೆ ನನ್ನ ಲೆಕ್ಕ ಇಷ್ಟೇ: ತಿಂಗಳ ಸಂಬಳವಿದ್ದರೆ ಹುದ್ದೆ, ಮತ ಹಾಕಿ ಕೂರಿಸಿದ್ದರೆ ಸ್ಥಾನ. ಗುಮಾಸ್ತರ ಹುದ್ದೆ, ಅಧ್ಯಕ್ಷ ಸ್ಥಾನ. ಕಾನೂನು ಈ ಲೆಕ್ಕ ಕೇಳುವುದಿಲ್ಲ. ‘ಆಫೀಸ್ ಆಫ್ ಪ್ರಾಫಿಟ್’ ಎಂಬುದು ಕನ್ನಡದಲ್ಲಿ ‘ಲಾಭದಾಯಕ ಹುದ್ದೆ’ ಎಂದೇ ನೆಲೆಯಾಗಿದೆ. ಸಂವಿಧಾನದ 102 ಮತ್ತು 191ನೇ ವಿಧಿಗಳಲ್ಲಿ ಬರುವ ಮಾತದು, ಸಂಸದರು ಮತ್ತು ಶಾಸಕರ ಅನರ್ಹತೆಗೆ ಸಂಬಂಧಿಸಿದ್ದು. 2006ರಲ್ಲಿ ಜಯಾ ಬಚ್ಚನ್ ರಾಜ್ಯಸಭಾ ಸದಸ್ಯತ್ವ ಕಳೆದುಕೊಂಡದ್ದು ಇದರಿಂದಲೇ. ಇದನ್ನು ‘ಲಾಭದ ಕಚೇರಿ’ ಎಂದು ಬರೆದರೆ ಅಡಿಕೆ ವ್ಯಾಪಾರಿಯ ಗದ್ದುಗೆಯಂತೆ ಕೇಳುತ್ತದೆ.

‘ಓತ್ ಆಫ್ ಆಫೀಸ್ ಆ್ಯಂಡ್ ಸೀಕ್ರೆಸಿ’ಗೆ ‘ಅಧಿಕಾರ ಮತ್ತು ಗೋಪ್ಯತೆಯ ಪ್ರಮಾಣವಚನ’ ಎಂಬುದು ರೂಢಿ. 1983ರಲ್ಲಿ ನಮ್ಮ ಸಿದ್ದಾಪುರ ಸೀಮೆಯ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದದ್ದನ್ನು ಇಂಗ್ಲಿಷಿನಿಂದ ಇಳಿಸುವಾಗಲೂ ‘ಅಧಿಕಾರ ಸ್ವೀಕರಿಸಿದರು’ ಎಂದರೆ ಸರಿ. ‘ಟರ್ಮ್ ಆಫ್ ಆಫೀಸ್’ ಎಂದರೆ ಅಧಿಕಾರಾವಧಿ. ‘ಆಫೀಸ್ ಬೇರರ್ಸ್’ ಎಂದರೆ ಪದಾಧಿಕಾರಿಗಳು. ‘ಕಚೇರಿ ಧಾರಕರು’ ಎಂಬುದನ್ನೂ ನಾನು ಕಣ್ಣಾರೆ ನೋಡಿದ್ದೇನೆ, ಪಲ್ಲಕ್ಕಿ ಹೊತ್ತವರಂತೆ. ‘ಎಕ್ಸ್ ಅಫೀಷಿಯೋ’ ಬಂದರೆ ಹೆದರಬೇಡಿ, ಅದಕ್ಕೆ ‘ಪದನಿಮಿತ್ತ’ ಎಂಬ ಚೆಂದದ ಶಬ್ದವಿದೆ. ಉಪರಾಷ್ಟ್ರಪತಿ ರಾಜ್ಯಸಭೆಯ ಪದನಿಮಿತ್ತ ಸಭಾಪತಿ. ಆ ಕುರ್ಚಿಗೆಂದು ಬೇರೆ ಚುನಾವಣೆಯಿಲ್ಲ, ಈ ಪದ ಬಂತೆಂದರೆ ಆ ಪದವೂ ಬಂತು.

ಇನ್ನು ಬೀಗವೂ ಬೀಳದ, ರಾಜೀನಾಮೆಯೂ ನಡೆಯದ ಆಫೀಸು. ಈ ಶಬ್ದದ ಲ್ಯಾಟಿನ್ ಮೂಲ ‘ಆಫೀಸಿಯಂ’. ‘ಕೆಲಸ’ ಮತ್ತು ‘ಮಾಡು’ ಎಂಬ ಎರಡು ಮಾತು ಕೂಡಿ ಆದದ್ದು, ಅರ್ಥ ಕರ್ತವ್ಯ, ಸೇವೆ. ಅಂದರೆ ಕರ್ತವ್ಯ ಮೊದಲು, ಕಟ್ಟಡ ಆಮೇಲೆ. ಇದು ನಮಗೇನೂ ಹೊಸತಲ್ಲ. ಹಳಗನ್ನಡದ ‘ಓಲಗ’ವನ್ನೇ ನೋಡಿ: ಸೇವೆಯೂ ಓಲಗ, ಸೇವೆ ನಡೆಯುವ ರಾಜಸಭೆಯೂ ಓಲಗ. ಯಕ್ಷಗಾನದ ಒಡ್ಡೋಲಗದಲ್ಲಿ ಆ ಸಭೆ ಇನ್ನೂ ಇದೆ, ಮದುವೆ ಮನೆಯ ವಾಲಗದಲ್ಲಿ ಅದು ಊದುವ ವಾದ್ಯವಾಗಿದೆ. ‘ಕಚೇರಿ’ಯೂ ಅದೇ ದಾರಿ ಹಿಡಿದು ಸಂಗೀತ ಕಚೇರಿಯಾಗಲಿಲ್ಲವೇ? ಎರಡು ವರ್ಷಕ್ಕೊಮ್ಮೆ ನಡೆಯುವ ನಮ್ಮ ಮಾರಿಕಾಂಬಾ ಜಾತ್ರೆಯಲ್ಲಿ ಬಾಬುದಾರರಿದ್ದಾರೆ, ತಮ್ಮ ಪಾಲಿನ ಕೆಲಸಕ್ಕೆ ತಾವೇ ಹೊಣೆ. ಆ ‘ಬಾಬು’ವನ್ನು ಇಂಗ್ಲಿಷಿಗೆ ಒಯ್ಯಬೇಕೆಂದು ಯಾರಾದರೂ ಕೇಳಿದರೆ ನಾನು ‘ಆಫೀಸ್’ ಎಂದೇ ಹೇಳುತ್ತೇನೆ. ಬಹುವಚನದ ‘ಗುಡ್ ಆಫೀಸಸ್’ ಬಂದರೆ ನಡುವೆ ನಿಂತು ಮಾಡಿದ ಉಪಕಾರ ಎಂದು ತಿಳಿಯಿರಿ. ದೇಶದೇಶಗಳ ನಡುವೆಯಾದರೆ ಮಧ್ಯಸ್ಥಿಕೆ ಎನ್ನಬಹುದು. 1966ರ ತಾಷ್ಕೆಂಟ್ ಮಾತುಕತೆಗೆ ಸೋವಿಯತ್ ಒಕ್ಕೂಟ ಕೊಟ್ಟದ್ದು ಅದನ್ನೇ. ಸಾಲದ ಅರ್ಜಿಯಲ್ಲಿ ‘ಥ್ರೂ ಯುವರ್ ಗುಡ್ ಆಫೀಸಸ್’ ಎಂದಿದ್ದರೆ ‘ತಾವು ದಯವಿಟ್ಟು ಹೇಳಿಸಿಕೊಟ್ಟು’ ಎಂದರೆ ಸಾಕು. ‘ಒಳ್ಳೆಯ ಕಚೇರಿಗಳ ಮೂಲಕ’ ಎಂದು ಬರೆದರೆ ಮ್ಯಾನೇಜರರು ಯಾವ ಕಚೇರಿ ಕೆಟ್ಟದ್ದೆಂದು ಹುಡುಕಿಯಾರು.

‘ಅಫೀಷಿಯಸ್’ ಬಗ್ಗೆ ಒಂದೇ ಮಾತು. ಅದು ‘ಅಫೀಷಿಯಲ್’ ಅಲ್ಲ, ಅಧಿಕೃತವೂ ಅಲ್ಲ. ನಮ್ಮ ‘ಅಧಿಕಪ್ರಸಂಗಿ’ ಅದಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ.

ಹೋದ ಮಳೆಗಾಲದಲ್ಲಿ ಹೊನ್ನಾವರ ಕಡೆಯ ಒಬ್ಬ ತಾಯಿ ಒಂದು ಕಾಗದ ತಂದರು. ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಅಲ್ಲಿ ತೀರಿಕೊಂಡ ರೋಗಿಯೊಬ್ಬರ ಮನೆಯವರು ಅವಳಿಗೆ ಬರೆದ ಧನ್ಯವಾದದ ಪತ್ರ, ಮಗಳು ಅಮ್ಮನಿಗೆಂದು ಕಳಿಸಿದ್ದಳು. ಅದರಲ್ಲಿ ‘ಲಾಸ್ಟ್ ಆಫೀಸಸ್’ ಎಂದಿತ್ತು. ಫೋನು ಅದನ್ನು ‘ಕೊನೆಯ ಕಚೇರಿಗಳು’ ಎಂದು ಹೇಳಿ, ಮಗಳ ಕೆಲಸವೇ ಹೋಯಿತೆಂದು ಆ ತಾಯಿ ರಾತ್ರಿಯಿಡೀ ನಿದ್ದೆಗೆಟ್ಟಿದ್ದರು. ಸತ್ತವರ ಮೈ ತೊಳೆದು, ಕೈಕಾಲು ನೇರ ಮಾಡಿ, ಬಟ್ಟೆ ಹೊದಿಸಿ ಅಣಿ ಮಾಡುವುದಕ್ಕೆ ಅಲ್ಲಿನ ಆಸ್ಪತ್ರೆಗಳಲ್ಲಿರುವ ಹೆಸರು ಅದು. ‘ಅಂತಿಮ ಸೇವೆ’ ಎಂದು ಟೈಪು ಮಾಡಿದ್ದೆ, ಅಳಿಸಿದೆ. ‘ನಮ್ಮ ಅಮ್ಮನನ್ನು ಕೊನೆಯ ಸಲ ಮೀಯಿಸಿದವಳು ನೀನು’ ಎಂದು ಬರೆದು ಓದಿ ಹೇಳಿದೆ. ಆಕೆ ಪ್ರಿಂಟಿನ ಹತ್ತು ರೂಪಾಯಿ ಮೇಜಿನ ಮೇಲಿಟ್ಟು, ಕಾಗದ ಒದ್ದೆಯಾಗದಂತೆ ಪ್ಲಾಸ್ಟಿಕ್ಕಿಗೆ ಸುತ್ತಿಕೊಂಡು ಕುಮಟಾ ಬಸ್ಸಿಗೆ ಹೋದರು.