ಮಗುವನ್ನು ವಸತಿ ಶಾಲೆಗೆ ಬಿಡುವ ಮುಂಚೆ ಮಳೆಗಾಲದಲ್ಲಿ ಒಮ್ಮೆ ಹೋಗಿ ಬನ್ನಿ

'ನಮ್ಮ ನಂತರ ಇವನನ್ನು ಯಾರು ನೋಡ್ತಾರೆ?' ಬುದ್ಧಿ ಬೆಳವಣಿಗೆ ಕಮ್ಮಿ ಇರುವ ಮಕ್ಕಳ ಮನೆಯಲ್ಲಿ ಈ ಪ್ರಶ್ನೆ ಜೋರಾಗಿ ಏಳುವುದು ಅಮ್ಮನಿಗೆ ಬೆನ್ನು ಹಿಡಿದುಕೊಂಡ ದಿನ. ಆ ದಿನದವರೆಗೆ ಕಾಯಬೇಡಿ. ಗಾಬರಿಯಲ್ಲಿ ಹುಡುಕಿದರೆ ಸಿಕ್ಕಿದ್ದೇ ಜಾಗ.

ಮೊದಲು ಕಾಗದಪತ್ರ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್‌ಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ತಪಾಸಣೆಗೆ ಮಂಗಳೂರಿನವರು ವೆನ್ಲಾಕ್ ಆಸ್ಪತ್ರೆಯಲ್ಲಿ, ಉಡುಪಿಯವರು ಅಜ್ಜರಕಾಡು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಇಂಥ ಮಕ್ಕಳಿಗಾಗಿಯೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ, ಅದನ್ನೂ ಮಾಡಿಸಿಬಿಡಿ.

ಆಮೇಲೆ ಮನೆಯವರೆಲ್ಲ ಕೂತು ಒಂದು ಮಾತು ಇತ್ಯರ್ಥ ಮಾಡಿಕೊಳ್ಳಿ: ಬೇಕಿರುವುದು ವಸತಿಯೋ, ಹಗಲು ಶಾಲೆ ಸಾಕೋ? ಬೆಳಗ್ಗೆ ಹೋಗಿ ಸಂಜೆ ಬಂದರೆ ಎಷ್ಟೋ ಮನೆ ಉಸಿರಾಡುತ್ತದೆ.

ವಸತಿಯೇ ಬೇಕು ಅಂತಾದರೆ ಸಂಸ್ಥೆಯ ನೋಂದಣಿ ಪ್ರಮಾಣಪತ್ರ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಅದು ಇರಲೇಬೇಕು. ಆದರೆ ಕಾಗದ ಸರಿ ಇದೆ ಅಂತ ಸುಮ್ನೆ ಒಪ್ಪಿಕೊಂಡು ಬರಬೇಡಿ. ನಾನು ಅಕ್ಕನ ಜೊತೆ ಒಂದು ಕಡೆ ಹೋಗಿದ್ದು ಆಟಿ ತಿಂಗಳ ಜೋರು ಮಳೆಯಲ್ಲಿ. ಆಫೀಸು ಲಕಲಕ. ಮೇಲೆ ಹೋಗಿ ಹಾಸಿಗೆ ಮುಟ್ಟಿದರೆ ತಂಡಿ, ಮೂಗಿಗೆ ಮೂತ್ರದ ವಾಸನೆ, ಇಷ್ಟು ಮಳೆಯಲ್ಲಿ ಮಕ್ಕಳ ಬಟ್ಟೆ ಎಲ್ಲಿ ಒಣಗಿಸ್ತೀರಿ ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಂದ ವಾಪಸ್ ಬಂದೆವು. ಹಾಗಾಗಿ ಹೇಳುತ್ತೇನೆ, ಮಳೆಗಾಲದಲ್ಲಿ ಹೋಗಿ. ಊಟದ ಹೊತ್ತಿಗೆ ಹೋಗಿ. ಕಕ್ಕಸು ನೋಡಿ. ರಾತ್ರಿ ಎಷ್ಟು ಮಂದಿ ಇರುತ್ತಾರೆ, ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ, ಹುಡುಗಿಯರ ಕಡೆ ರಾತ್ರಿ ಹೆಂಗಸರು ಇರ್ತಾರಾ, ಎಲ್ಲ ಕೇಳಿ. ತಂದೆತಾಯಿ ಬೇಕಾದಾಗ ಬರುವ ಹಾಗಿಲ್ಲ ಅಂದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ಜಾಗ ಒಪ್ಪಿಗೆಯಾದರೆ ಒಂದು ನೋಟ್‌ಬುಕ್ ಬರೆದುಕೊಡಿ. ಮಾತ್ರೆ, ಹೊತ್ತು, ಹೆದರಿಕೆ, ಇಷ್ಟ, ಎಲ್ಲ. ಅಕ್ಕನ ಮಗ ಬಾಯಾರಿದರೆ ನೀರು ಕೇಳುವುದಿಲ್ಲ, ಸ್ಟೀಲ್ ಲೋಟ ನೆಲಕ್ಕೆ ಕುಟ್ಟುತ್ತಾನೆ. ಗೊತ್ತಿಲ್ಲದವರಿಗೆ ಅದು ಹಠ, ಅಲ್ವಾ? ಕುಚ್ಚಲಕ್ಕಿ ಗಂಜಿ ಬಿಟ್ಟು ಬೇರೆ ಮುಟ್ಟದ ಮಗುವಾದರೆ ಅದನ್ನೂ ಬರೆಯಿರಿ.

ಒಮ್ಮೆಲೇ ಬಿಟ್ಟು ಬರಬೇಡಿ. ಎರಡು ದಿನ, ಮತ್ತೆ ಒಂದು ವಾರ, ಹೀಗೆ ರೂಢಿ ಮಾಡಿಸಿ. ಅಳು ಇದ್ದದ್ದೇ. 'ಮಗುವನ್ನು ದೂಡಿದರು' ಅನ್ನುವ ನೆಂಟರೂ ಇದ್ದದ್ದೇ. ಅವರನ್ನು ಒಂದು ರಾತ್ರಿ ಮಗುವಿನ ಪಕ್ಕ ಮಲಗಲು ಕರೆಯಿರಿ.

ಇನ್ನೊಂದು ಜಾಸ್ತಿ ಜನ ಮರೆಯುತ್ತಾರೆ. ಮಗುವಿಗೆ 18 ತುಂಬಿದ ಮೇಲೆ ಕಾನೂನಿನ ಲೆಕ್ಕದಲ್ಲಿ ನೀವು ತಾವಾಗಿಯೇ ಪೋಷಕರು (ಗಾರ್ಡಿಯನ್) ಅಲ್ಲ. ಗಾರ್ಡಿಯನ್ ಆಗಿ ನೇಮಿಸಿ ಅಂತ ಡಿಸಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ಉಡುಪಿಯವರಿಗೆ ಡಿಸಿ ಕಚೇರಿ ಮಣಿಪಾಲದ ರಜತಾದ್ರಿಯಲ್ಲಿದೆ. ಹೋಗುವಾಗ ಮಗುವಿನ ಅಣ್ಣನನ್ನೋ ಅಕ್ಕನನ್ನೋ ಕರೆದುಕೊಂಡು ಹೋಗಿ. ಮುಂದೆ ಈ ಮೆಟ್ಟಿಲು ಹತ್ತುವವರು ಅವರೇ ತಾನೇ.